ಮೊಲೊಕೈಗೆ ನೀರು ತಂದ ಡೇಮಿಯನ್ ಪಾದ್ರಿ

ಕುಷ್ಠರೋಗಿಗಳ ಸೇವೆ ಎಂದೊಡನೆ ಲೋಕದ ಜನರಿಗೆ ನೆನಪಾಗುವ ಹೆಸರುಗಳಲ್ಲಿ ಫಾದರ್ ಡೇಮಿಯನ್ನರದು ಮೊದಲ ಸಾಲಿನದು. ರೋಗಿಗಳ ನಡುವೆ ಹದಿನಾರು ವರ್ಷ ಬಾಳಿ, ಕೊನೆಗೆ ಅದೇ ರೋಗಕ್ಕೆ ತುತ್ತಾಗಿ ಮಡಿದ ಅವರ ತ್ಯಾಗವನ್ನು ಕುರಿತು ನಾನಾ ಭಾಷೆಗಳಲ್ಲಿ ಗ್ರಂಥಗಳು ಹುಟ್ಟಿವೆ. ಈ ಪ್ರಖ್ಯಾತವಾದ ಕಥೆಯೊಳಗೆ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕಥೆ ಅಡಗಿದೆ. ಅದು ಕುಡಿಯುವ ನೀರಿನ ಕಥೆ. ಕೊಳೆ ತೊಳೆಯುವ, ಒಣಗಿದ ನೆಲದ ಮೇಲೆ ಮನೆ ಕಟ್ಟುವ, ಸತ್ತವರನ್ನು ಮರ್ಯಾದೆಯಿಂದ ಮಣ್ಣುಮಾಡುವ ಕಥೆ. ಭೂಗೋಳವನ್ನು ಓದುವ ವಿದ್ಯಾರ್ಥಿಗಳಿಗೂ ಗ್ರಾಮನೈರ್ಮಲ್ಯದಲ್ಲಿ ಆಸಕ್ತಿಯುಳ್ಳವರಿಗೂ ಈ ಎರಡನೆಯ ಕಥೆ ಮೊದಲನೆಯದರಷ್ಟೇ ಉಪಯುಕ್ತವಾದುದು.

ಮೊದಲು ಆ ಸ್ಥಳವನ್ನು ಅರಿಯಬೇಕು. ಹವಾಯಿ ದ್ವೀಪಗಳು ಶಾಂತಸಾಗರದ ನಟ್ಟನಡುವೆ, ಯಾವ ಭೂಖಂಡಕ್ಕೂ ಹತ್ತಿರವಿಲ್ಲದೆ, ಅಗ್ನಿಪರ್ವತಗಳಿಂದ ಹುಟ್ಟಿದ ದ್ವೀಪಗಳ ಸಾಲು. ಅವುಗಳಲ್ಲೊಂದು ಮೊಲೊಕೈ. ಪೂರ್ವಪಶ್ಚಿಮವಾಗಿ ಸುಮಾರು ೩೮ ಮೈಲಿ ಉದ್ದ, ಹತ್ತು ಮೈಲಿ ಅಗಲದ ಈ ದ್ವೀಪದ ಉತ್ತರದ ಅಂಚು ಸಮುದ್ರದಿಂದ ನೆಟ್ಟಗೆ ಎದ್ದುನಿಂತ ಕಲ್ಲುಗೋಡೆ. ಲೋಕದ ಅತ್ಯಂತ ಎತ್ತರದ ಕಡಲಬಂಡೆಗಳು ಈ ಕರಾವಳಿಯಲ್ಲಿವೆ. ಈ ಗೋಡೆಯ ಬುಡದಲ್ಲಿ, ಬಹುಕಾಲದ ಮೇಲೆ ಇನ್ನೊಂದು ಚಿಕ್ಕ ಜ್ವಾಲಾಮುಖಿ ಎದ್ದು ಲಾವಾರಸವನ್ನು ಕಾರಿತು. ಆ ಲಾವಾ ಹರಡಿ ಆರಿ ಆದದ್ದೇ ಕಲಾವುಪಾಪಾ ಎಂಬ ಚಪ್ಪಟೆಯಾದ ಪರ್ಯಾಯದ್ವೀಪ. ಅದರ ಮೂರು ಕಡೆ ಅಬ್ಬರಿಸುವ ಕಡಲು; ನಾಲ್ಕನೆಯ ಕಡೆ ಸುಮಾರು ಎರಡು ಸಾವಿರ ಅಡಿ ಎತ್ತರದ ಬಂಡೆ.

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ತೇವವನ್ನು ಹೊತ್ತು ತಂದು ಈ ಬಂಡೆಗೆ ಬಡಿದು ಮೇಲೇರಿ ಮಳೆ ಸುರಿಸುತ್ತವೆ. ಬಂಡೆಯನ್ನು ಸೀಳಿಕೊಂಡು ವೈಹಾನಾವು, ವೈಕೋಲು ಮುಂತಾದ ಕಣಿವೆಗಳು ಇಳಿದಿವೆ. ಹವಾಯಿಯ ಭಾಷೆಯಲ್ಲಿ ವೈ ಎಂದರೆ ಸಿಹಿನೀರು. ಆ ಶಬ್ದವನ್ನೇ ಎರಡು ಸಲ ಹೇಳಿದರೆ ಸಂಪತ್ತು ಎಂದು ಅರ್ಥ. ಆದರೆ ಕಣಿವೆಗಳಲ್ಲಿ ಹರಿಯುವ ಈ ಸಂಪತ್ತು ಪರ್ಯಾಯದ್ವೀಪದ ಬಯಲಿಗೆ ಬರುವಂತಿಲ್ಲ. ತೂತುತೂತಾದ ಲಾವಾನೆಲದ ಮೇಲೆ ಹೊಳೆ ನಿಲ್ಲುವುದಿಲ್ಲ. ಬಿದ್ದ ಮಳೆ ಇಂಗಿಹೋಗುತ್ತದೆ. ಹೀಗೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನೀರಿದ್ದೂ ಬಯಲಲ್ಲಿ ನೀರಡಿಕೆ. ಈ ಒಂದು ಭೌಗೋಳಿಕ ಸಂಗತಿಯೇ ಮುಂದಿನ ಕಥೆಗೆಲ್ಲ ಆಧಾರ.

೧೭೭೮ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಬಂದ ಮೇಲೆ ಹೊರನಾಡಿನ ರೋಗಗಳು ಒಂದಾದ ಮೇಲೊಂದು ಹವಾಯಿಯನ್ನು ಹೊಕ್ಕವು. ಎಂದೂ ಕಾಣದ ರೋಗಗಳಿಗೆ ಅಲ್ಲಿನ ಮೂಲನಿವಾಸಿಗಳು ತರಗೆಲೆಗಳಂತೆ ಉದುರಿದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕುಷ್ಠವೂ ಹಬ್ಬತೊಡಗಿತು. ಆಗ ಅದಕ್ಕೆ ಮದ್ದಿರಲಿಲ್ಲ. ಅದು ಹರಡುವ ಬಗೆಯೂ ತಿಳಿದಿರಲಿಲ್ಲ. ೧೮೬೫ನೆಯ ಜನವರಿ ೩ರಂದು ಐದನೆಯ ಕಮೆಹಮೆಹಾ ದೊರೆ ರೋಗಿಗಳನ್ನು ಬೇರ್ಪಡಿಸುವ ಕಾಯಿದೆಗೆ ಅಂಕಿತ ಹಾಕಿದನು. ಮರುವರ್ಷದ ಜನವರಿಯಲ್ಲಿ ಹನ್ನೆರಡು ಜನ ರೋಗಿಗಳ ಮೊದಲ ತಂಡ ಕಲಾವಾವೊ ಎಂಬಲ್ಲಿ ಇಳಿಯಿತು. ಕಲಾವಾವೊ ಆ ಪರ್ಯಾಯದ್ವೀಪದ ಪೂರ್ವದ ಮಗ್ಗುಲು. ಗಾಳಿಗೆ ಎದುರಾದ, ಸದಾ ತಂಪಾದ ಜಾಗ. ಅಲ್ಲಿಗೆ ಹೋದವರು ಹಿಂದಿರುಗುವಂತಿರಲಿಲ್ಲ. ತಾಯಿಯಿಂದ ಮಗು, ಗಂಡನಿಂದ ಹೆಂಡತಿ ಅಗಲಬೇಕಾಯಿತು. ಆದುದರಿಂದಲೇ ಅಲ್ಲಿನ ಜನ ಈ ರೋಗವನ್ನು ಅಗಲಿಸುವ ರೋಗವೆಂದು ಕರೆದರು.

ರೋಗಿಗಳು ತಾವೇ ಗೇಯ್ದು ಉಣ್ಣುವರೆಂಬುದು ಸರ್ಕಾರದ ಲೆಕ್ಕಾಚಾರ. ಬೆರಳು ಮುರುಟಿದವರು, ಕಾಲು ಹುಣ್ಣಾದವರು ಗೆದ್ದೆ ಮಾಡುವುದೆಂತು? ಆದರೂ ಅವರು ಸುಮ್ಮನೆ ಕುಳಿತವರಲ್ಲ. ಬಂದ ವರ್ಷವೇ ಅವರಲ್ಲಿ ಕೆಲವರು ಕೂಡಿ ಸಿಲೋವಾಮ ಎಂಬ ಪ್ರಾಟೆಸ್ಟೆಂಟ್ ಸಭೆಯೊಂದನ್ನು ಸ್ಥಾಪಿಸಿಕೊಂಡರು. ಬೈಬಲ್ಲಿನಲ್ಲಿ ಕುರುಡನು ಕಣ್ಣು ತೊಳೆದು ದೃಷ್ಟಿ ಪಡೆದ ಕೊಳದ ಹೆಸರನ್ನೇ ಅದಕ್ಕಿಟ್ಟರು. ನೀರಿಗಾಗಿ ಹಂಬಲಿಸುವವರು ತಮ್ಮ ದೇವಾಲಯಕ್ಕೆ ನೀರಿನ ಹೆಸರನ್ನೇ ಆರಿಸಿಕೊಂಡುದು ಅರ್ಥವತ್ತಾಗಿದೆ.

ಈಗ ನಮ್ಮ ಕಥಾನಾಯಕನ ಕಡೆಗೆ ತಿರುಗೋಣ. ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ೧೮೪೦ನೆಯ ಜನವರಿ ೩ರಂದು ಜೋಸೆಫ್ ಡಿ ವೂಸ್ಟರ್ ಹುಟ್ಟಿದನು. ಅವನ ಇಪ್ಪತ್ತೈದನೆಯ ಹುಟ್ಟುಹಬ್ಬದ ದಿನವೇ ಹವಾಯಿಯಲ್ಲಿ ಆ ಕಾಯಿದೆ ಹುಟ್ಟಿದುದು ಕಾಲದ ಒಂದು ವಿಚಿತ್ರ. ತಂದೆ ಧಾನ್ಯದ ವ್ಯಾಪಾರಿ, ಮನೆತುಂಬ ಮಕ್ಕಳು. ಜೋಸೆಫನು ಗಟ್ಟಿಮುಟ್ಟಾದ ಹುಡುಗ. ತಂದೆ ಅವನನ್ನು ವ್ಯಾಪಾರಕ್ಕೆ ಹಚ್ಚಬೇಕೆಂದಿದ್ದನು. ಆದರೆ ಅಣ್ಣನಾದ ಪಾಂಫಿಲ್ ಲೂವೆನ್ನಿನಲ್ಲಿ ಸನ್ಯಾಸಿಗಳ ಸಂಘವೊಂದನ್ನು ಸೇರಿದ್ದನು. ೧೮೫೯ರಲ್ಲಿ ತಮ್ಮನೂ ಅದೇ ಸಂಘವನ್ನು ಸೇರಿ ಡೇಮಿಯನ್ ಎಂಬ ಹೆಸರನ್ನು ಪಡೆದನು.

ಹವಾಯಿಗೆ ಹೋಗಬೇಕಾಗಿದ್ದವನು ಅಣ್ಣ. ಲೂವೆನ್ನಿನಲ್ಲಿ ಟೈಫಸ್ ಜ್ವರ ಬಂದವರ ಶುಶ್ರೂಷೆ ಮಾಡುತ್ತ ಅವನೇ ಹಾಸಿಗೆ ಹಿಡಿದನು. ಇನ್ನೂ ದೀಕ್ಷೆಯಾಗದಿದ್ದ ತಮ್ಮನು ಪ್ಯಾರಿಸಿನಲ್ಲಿದ್ದ ಸಂಘದ ಮುಖ್ಯಸ್ಥರಿಗೆ ನೇರವಾಗಿ ಪತ್ರ ಬರೆದು ಆ ಸ್ಥಳವನ್ನು ತನಗೆ ಬೇಡಿಕೊಂಡನು. ಅನುಮತಿ ದೊರೆಯಿತು. ೧೮೬೩ರ ಶರತ್ಕಾಲದಲ್ಲಿ ಹಡಗು ಹತ್ತಿ, ೧೮೬೪ರ ಮಾರ್ಚಿ ೧೯ರಂದು ಹೊನೊಲುಲು ಬಂದರಿನಲ್ಲಿ ಇಳಿದನು. ಎರಡು ತಿಂಗಳಲ್ಲಿ ಅಲ್ಲಿಯೇ ಪಾದ್ರಿಯ ದೀಕ್ಷೆಯಾಯಿತು.

ಮುಂದಿನ ಒಂಬತ್ತು ವರ್ಷ ಡೇಮಿಯನ್ನರು ಹವಾಯಿ ಎಂಬ ದೊಡ್ಡ ದ್ವೀಪದ ಪುನಾ, ಕೊಹಾಲಾ, ಹಾಮಾಕುವಾ ಪ್ರಾಂತಗಳಲ್ಲಿ ತಿರುಗಿದರು. ಕಾಲುನಡೆ, ಕುದುರೆ, ದೋಣಿ—ಇವೇ ವಾಹನ. ಅಲ್ಲಿಯ ಭಾಷೆಯನ್ನು ಕಲಿತರು. ಸುತ್ತಿಗೆ, ಗರಗಸಗಳನ್ನು ಹಿಡಿದು ತಾವೇ ಪ್ರಾರ್ಥನಾಮಂದಿರಗಳನ್ನು ಕಟ್ಟಿದರು. ಮುಂದೆ ಮೊಲೊಕೈಯಲ್ಲಿ ಅವರ ಕೈಹಿಡಿದದ್ದು ಈ ಬಡಗಿತನ. ಜನರ ನಾಲಗೆಯಲ್ಲಿ ಅವರ ಹೆಸರು ಕಮಿಯಾನೊ ಎಂದಾಯಿತು.

೧೮೭೩ನೆಯ ಮೇ ತಿಂಗಳಲ್ಲಿ ಪಾದ್ರಿಗಳು ಒಂದೆಡೆ ಸೇರಿದ್ದಾಗ, ಮೊಲೊಕೈಯ ರೋಗಿಗಳು ತಮಗೊಬ್ಬ ಗುರು ಬೇಕೆಂದು ಕೇಳುತ್ತಿರುವುದನ್ನು ಬಿಷಪ್ ಮೇಗ್ರೆಯವರು ಪ್ರಸ್ತಾಪಿಸಿದರು. ಯಾರನ್ನೂ ಆಜ್ಞಾಪಿಸಿ ಕಳುಹಿಸಲು ಅವರ ಮನಸ್ಸು ಒಪ್ಪಲಿಲ್ಲ. ನಾಲ್ವರು ಮುಂದೆ ಬಂದರು. ಸರದಿಯ ಮೇಲೆ ಹೋಗಿಬರುವುದೆಂದು ಏರ್ಪಾಡಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ ೧೦ರಂದು ರೋಗಿಗಳೂ ದನಗಳೂ ತುಂಬಿದ ಹಡಗಿನಲ್ಲಿ ಬಿಷಪ್ಪರೊಡನೆ ಅವರು ಬಂದಿಳಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಎರಡನೆಯ ಸರದಿ ಬರಲೇ ಇಲ್ಲ. ಇಳಿದ ಕೆಲವೇ ದಿನಗಳಲ್ಲಿ ಅಲ್ಲಿಯೇ ಇರಲು ಅಪ್ಪಣೆ ಬೇಡಿ ಮೇಲಿನವರಿಗೆ ಅವರು ಬರೆದುಬಿಟ್ಟಿದ್ದರು.

ಅವರಿಗೆ ಮನೆಯಿರಲಿಲ್ಲ. ಸೇಂಟ್ ಫಿಲೊಮಿನಾ ಎಂಬ ಪುಟ್ಟ ಚರ್ಚು ಹಿಂದಿನ ವರ್ಷವಷ್ಟೇ ಎದ್ದಿತ್ತು. ಅದರ ಪಕ್ಕದಲ್ಲಿ ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರ. ಮೊದಲ ದಿನಗಳಲ್ಲಿ ಅವರು ಮಲಗಿದ್ದು ಆ ಮರದ ಕೆಳಗೆ.

ಕಲಾವಾವೊದಲ್ಲಿ ಆಗ ನೂರಾರು ರೋಗಿಗಳಿದ್ದರು. ಹರಳುಗಿಡದ ಕೊಂಬೆಗಳನ್ನು ನೆಟ್ಟು, ಮೇಲೆ ಎಲೆಗಳನ್ನೋ ಕಬ್ಬಿನ ಸೋಗೆಯನ್ನೋ ಹೊದಿಸಿದರೆ ಅದೇ ಮನೆ. ನೆಲ ಬರಿಯ ಮಣ್ಣು. ಮಳೆ ಬಂದರೆ ಕೆಸರು. ಒಂದೊಂದು ಗುಡಿಸಲಿನಲ್ಲಿ ಹಲವರು ಒತ್ತೊತ್ತಾಗಿ ಮಲಗುತ್ತಿದ್ದರು. ಹುಣ್ಣುಗಳ ದುರ್ಗಂಧ ತಡೆಯಲಾರದೆ ಪಾದ್ರಿಯವರು ಅದನ್ನು ಮರೆಸಲು ತಂಬಾಕು ಸೇದುವುದನ್ನು ಅಭ್ಯಾಸ ಮಾಡಿಕೊಂಡರು. ಈ ಕೊಳಕಿಗೆ ರೋಗಿಗಳನ್ನು ದೂರುವುದು ಸುಲಭ. ಬಂದುಹೋದವರು ಹಲವರು ದೂರಿದರು. ಡೇಮಿಯನ್ನರು ಅದರ ಕಾರಣವನ್ನು ಹುಡುಕಿದರು. ಕಾರಣ ಸರಳವಾಗಿತ್ತು: ಅಲ್ಲಿ ಸಾಕಷ್ಟು ನೀರಿರಲಿಲ್ಲ.

ಕುಡಿಯುವ ನೀರನ್ನು ದೂರದ ಕಣಿವೆಯಿಂದ ಎಣ್ಣೆಯ ಖಾಲಿ ಡಬ್ಬಗಳಲ್ಲಿ ತುಂಬಿ, ಹೆಗಲ ಮೇಲೆಯೋ ಕುದುರೆಯ ಮೇಲೆಯೋ ತರಬೇಕಾಗಿತ್ತು. ಬಟ್ಟೆ ಒಗೆಯಬೇಕಾದರೂ ಅಷ್ಟೇ ದೂರ ಹೊತ್ತುಕೊಂಡು ಹೋಗಬೇಕು. ಕಾಲಿಲ್ಲದವನಿಗೆ ಆ ದಾರಿ ಇಲ್ಲ. ಹೊರುವ ಬಂಧುವಿಲ್ಲದವನು ಇದ್ದ ಒಂದು ಗುಟುಕನ್ನು ಕುಡಿಯಬೇಕೋ, ಅದರಿಂದ ಹುಣ್ಣು ತೊಳೆಯಬೇಕೋ? ಕುಷ್ಠದಲ್ಲಿ ನರಗಳು ಸತ್ತು ಕೈಕಾಲುಗಳಿಗೆ ಸ್ಪರ್ಶಜ್ಞಾನ ಹೋಗುತ್ತದೆ. ಮುಳ್ಳು ಚುಚ್ಚಿದರೂ ಬೆಂಕಿ ಸುಟ್ಟರೂ ತಿಳಿಯದು. ತಿಳಿಯದ ಗಾಯ ಕೊಳೆತು ಬೆರಳುಗಳನ್ನು ತಿನ್ನುತ್ತದೆ. ಅಂಥವರಿಗೆ ದಿನವೂ ಶುದ್ಧವಾದ ನೀರಿನಿಂದ ಗಾಯ ತೊಳೆದು ಕಟ್ಟುವುದೇ ಮೊದಲ ಚಿಕಿತ್ಸೆ. ನೀರು ಕುಷ್ಠವನ್ನು ಗುಣಪಡಿಸಲಾರದು. ಆದರೆ ಕುಷ್ಠದ ಬೆನ್ನುಹತ್ತಿ ಬರುವ ಕೀವು, ಕಜ್ಜಿ, ಭೇದಿ ಮುಂತಾದವನ್ನು ತಡೆಯಲು ಅದಕ್ಕಿಂತ ಉತ್ತಮವಾದ ಸಾಧನವಿಲ್ಲ.

ಡೇಮಿಯನ್ನರು ಹೊನೊಲುಲುವಿನ ಅಧಿಕಾರಿಗಳಿಗೆ ಕೊಳವೆಗಳಿಗಾಗಿ ಬರೆದರು. ೧೮೭೩ರ ಬೇಸಗೆಯಲ್ಲಿ ಕೊಳವೆಗಳು ಹಡಗಿನಲ್ಲಿ ಬಂದುವು. ಕೈಕಾಲು ಆಡುವ ರೋಗಿಗಳೆಲ್ಲ ಸಂತೋಷದಿಂದ ಮುಂದೆ ಬಂದು ಅವುಗಳನ್ನು ಹೊತ್ತರು, ಜೋಡಿಸಿದರು, ಒಂದು ಚಿಕ್ಕ ತೊಟ್ಟಿಯನ್ನೂ ಕಟ್ಟಿದರು. ಯಂತ್ರದ ಅಗತ್ಯವಿರಲಿಲ್ಲ, ನೀರು ಮೇಲಿನ ನೆಲದಿಂದ ಕೆಳಗಿನ ನೆಲಕ್ಕೆ ತಾನೇ ಹರಿಯಿತು. ಕುಡಿಯಲು, ಮೀಯಲು, ಒಗೆಯಲು ಒಳ್ಳೆಯ ನೀರು ಕಲಾವಾವೊಕ್ಕೆ ಬಂದಿತು. ಬಂದಿಳಿದ ಕೆಲವೇ ತಿಂಗಳಲ್ಲಿ ಆದ ಕೆಲಸವಿದು.

ನೀರಿನ ಮೂಲ ಬತ್ತದಂಥದೇ ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ವೈಹಾನಾವು ಕಣಿವೆಯ ತುದಿಯಲ್ಲಿ ಸಹಜವಾದ ಒಂದು ಮಡುವಿದೆಯೆಂದು ಕೇಳಿ, ಇಬ್ಬರು ಬಿಳಿಯರನ್ನೂ ತಮ್ಮ ಹುಡುಗರಲ್ಲಿ ಕೆಲವರನ್ನೂ ಕರೆದುಕೊಂಡು ಕಣಿವೆಯನ್ನೇರಿದರು. ಎತ್ತರದ ಬಂಡೆಯ ಬುಡದಲ್ಲಿ ಹಿಮದಷ್ಟು ತಣ್ಣನೆಯ ತಿಳಿನೀರಿನ ಮಡು ಕಂಡಿತು. ಅಳೆದರು: ೭೨ ಅಡಿ ಉದ್ದ, ೫೫ ಅಡಿ ಅಗಲ, ದಡದ ಸಮೀಪದಲ್ಲೇ ಆಳ ೧೮ ಅಡಿ. ಬೇಸಗೆಯಲ್ಲಿಯೂ ಅದು ಒಣಗಿದುದಿಲ್ಲವೆಂದು ಊರವರಿಂದ ಕೇಳಿ ತಿಳಿದುಕೊಂಡರು. ಈ ವಿವರಗಳನ್ನೆಲ್ಲ ೧೮೮೬ರಲ್ಲಿ ಆರೋಗ್ಯ ಮಂಡಲಿಗೆ ಒಪ್ಪಿಸಿದ ವರದಿಯಲ್ಲಿ ಬರೆದಿಟ್ಟರು. ಹೀಗೆ ಮಕ್ಕಳನ್ನು ಜೊತೆಗಿಟ್ಟುಕೊಂಡು, ಹೊಳೆಯ ಹುಟ್ಟನ್ನು ಹುಡುಕಿ, ಅಗಲ ಆಳಗಳನ್ನು ಅಳೆದು, ಬಲ್ಲ ಹಿರಿಯರನ್ನು ವಿಚಾರಿಸಿ, ಕಂಡುದನ್ನು ಬರೆದಿಡುವುದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಯಾವುದಿದ್ದೀತು? ಆ ಕಣಿವೆಯ ಹೆಸರಿನಲ್ಲಿಯೇ ಹುಟ್ಟು ಎಂಬರ್ಥದ ಶಬ್ದವಿದೆ. ಊರಿನ ಹಿರಿಯರು ಹೆಸರಿಡುವಾಗ ನೆಲವನ್ನು ಅರಿತೇ ಇಟ್ಟಿದ್ದರು.

ನೀರಾದ ಮೇಲೆ ಮನೆ. ೧೮೭೪ರಲ್ಲಿ ದಕ್ಷಿಣದ ಬಿರುಗಾಳಿ ಬೀಸಿ, ಅರ್ಧ ಕೊಳೆತಿದ್ದ ಗುಡಿಸಲುಗಳಲ್ಲಿ ಬಹುಭಾಗವನ್ನು ನೆಲಸಮ ಮಾಡಿತು. ರೋಗಿಗಳು ಕಂಬಳಿ ಹೊದ್ದು ಮಳೆಯಲ್ಲಿ ನೆನೆದರು. ಡೇಮಿಯನ್ನರು ಇದನ್ನೇ ಅವಕಾಶ ಮಾಡಿಕೊಂಡು ಮರ ಬೇಡಿ ಮತ್ತೆ ಮತ್ತೆ ಬರೆದರು. ಹಡಗುಗಳಲ್ಲಿ ತೊಲೆ ಹಲಗೆಗಳು ಬಂದುವು. ನೆಲದಿಂದ ಮೇಲಕ್ಕೆತ್ತಿ, ಹಲಗೆ ಹಾಸಿ, ಸುಣ್ಣ ಬಳಿದ ಮನೆಗಳು ಒಂದೊಂದಾಗಿ ಎದ್ದುವು. ಕಟ್ಟುವವರ ಮುಂದಾಳು ಪಾದ್ರಿಯೇ. ತಬ್ಬಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ವಸತಿಗಳನ್ನು ಕಟ್ಟಿದರು. ಓದು, ಹಾಡು, ತೋಟದ ಕೆಲಸ ಕಲಿಸಿದರು. ಮೊದಲು ಹೆಣಗಳನ್ನು ಪೆಟ್ಟಿಗೆಯಿಲ್ಲದೆಯೇ ಹುಗಿಯುವುದಿತ್ತು. ಡೇಮಿಯನ್ನರು ತಾವೇ ಶವಪೆಟ್ಟಿಗೆಗಳನ್ನು ಮಾಡಿದರು, ಎಷ್ಟೋ ಸಲ ಗುಂಡಿಯನ್ನೂ ತಾವೇ ತೋಡಿದರು, ಶ್ಮಶಾನಕ್ಕೆ ಬೇಲಿ ಹಾಕಿಸಿದರು. ಸಾವಿನ ಮೆರವಣಿಗೆಗೆ ವಾದ್ಯಮೇಳವೂ ಸಿದ್ಧವಾಯಿತು. ಊರಿನ ನೈರ್ಮಲ್ಯವೂ ಸತ್ತವರ ಮರ್ಯಾದೆಯೂ ಒಂದೇ ಕೆಲಸದಲ್ಲಿ ಕೂಡಿಬಂದವು.

ಮೊದಮೊದಲು ಸರ್ಕಾರ ಅವರನ್ನೂ ರೋಗಿಗಳಂತೆಯೇ ಕಟ್ಟಿಹಾಕಿತು. ಹೊರಗೆ ಕಾಲಿಟ್ಟರೆ ಬಂಧನವೆಂಬ ಆಜ್ಞೆಯಿತ್ತು. ಒಮ್ಮೆ ಸಂಘದ ಹಿರಿಯರು ಹಡಗಿನಲ್ಲಿ ಬಂದಾಗ ಅವರನ್ನು ಇಳಿಯಗೊಡಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಎಲ್ಲರ ಕಿವಿಗೂ ಬೀಳುವಂತೆ ಕೂಗಿ ತಮ್ಮ ಪಾಪನಿವೇದನೆಯನ್ನು ಮಾಡಿಕೊಳ್ಳಬೇಕಾಯಿತು. ಇಷ್ಟಾಗಿಯೂ ಅವರು ರೋಗಿಗಳನ್ನು ದೂರವಿಡಲಿಲ್ಲ. ಅವರ ಹುಣ್ಣು ತೊಳೆದು ಕಟ್ಟಿದರು; ಅವರೊಡನೆ ಒಂದೇ ತಟ್ಟೆಯಲ್ಲಿ ಉಂಡರು.

೧೮೮೪ರ ಕೊನೆಯಲ್ಲಿ ಒಂದು ದಿನ ಬಿಸಿನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೆಂದು ಬೊಬ್ಬೆಗಳೆದ್ದರೂ ಅವರಿಗೆ ನೋವಾಗಲಿಲ್ಲ. ಮರುವರ್ಷ ವೈದ್ಯರು ಸಂದೇಹಕ್ಕೆ ಎಡೆಯಿಲ್ಲವೆಂದರು. ಆ ಮೇಲಿನ ನಾಲ್ಕು ವರ್ಷ ಅವರು ದುಡಿದ ವೇಗ ಇಮ್ಮಡಿಸಿತು. ಹೊನೊಲುಲುವಿನಲ್ಲಿ ಗೋಟೊ ಎಂಬ ಜಪಾನೀ ವೈದ್ಯರು ಮೂಲಿಕೆ ಬೆರೆಸಿದ ಬಿಸಿನೀರಿನ ಸ್ನಾನದ ಚಿಕಿತ್ಸೆ ಮಾಡುತ್ತಿದ್ದುದನ್ನು ತಿಳಿದು, ೧೮೮೬ರಲ್ಲಿ ಅಲ್ಲಿಗೆ ಹೋಗಿ ನೋಡಿಬಂದು, ಅದನ್ನು ಕಲಾವಾವೊದಲ್ಲಿಯೂ ಏರ್ಪಡಿಸಲು ಶ್ರಮಿಸಿದರು. ಮೂಲಿಕೆಯಿಂದ ರೋಗ ವಾಸಿಯಾಗಲಿಲ್ಲ. ಆದರೆ ಕೊಳವೆಯ ನೀರು ಬಾರದಿದ್ದಲ್ಲಿ ಆ ಸ್ನಾನದ ಮಾತೇ ಬರುವಂತಿರಲಿಲ್ಲ. ಅದೇ ವರ್ಷ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ ಸಹಾಯಕ್ಕೆ ಬಂದರು. ೧೮೮೮ರಲ್ಲಿ ಮದರ್ ಮೇರಿಯಾನ್ ಕೋಪ್ ಇಬ್ಬರು ಸನ್ಯಾಸಿನಿಯರೊಡನೆ ಬಂದರು. ತಮ್ಮ ಮಕ್ಕಳನ್ನು ನೋಡಿಕೊಳ್ಳುವವರು ಬಂದರೆಂಬ ನೆಮ್ಮದಿಯಲ್ಲಿ ಡೇಮಿಯನ್ನರು ೧೮೮೯ನೆಯ ಏಪ್ರಿಲ್ ೧೫ರಂದು ಕಣ್ಣು ಮುಚ್ಚಿದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಮೊದಲ ರಾತ್ರಿಗಳಲ್ಲಿ ಮಲಗಿದ್ದ ಆ ಕೇದಗೆಯ ಮರದ ಬಳಿಯಲ್ಲಿಯೇ ಅವರನ್ನು ಮಣ್ಣುಮಾಡಿದರು.

ಸತ್ತ ಮೇಲೂ ಅವರಿಗೆ ನಿಂದೆ ತಪ್ಪಲಿಲ್ಲ. ಹೊನೊಲುಲುವಿನ ಹೈಡ್ ಎಂಬ ಪಾದ್ರಿ ಅವರನ್ನು ಒರಟನೆಂದೂ ಕೊಳಕನೆಂದೂ, ಅಲ್ಲಿನ ಸುಧಾರಣೆಗಳೆಲ್ಲ ಆರೋಗ್ಯ ಮಂಡಲಿಯವೇ ಎಂದೂ ಜರೆದು ಬರೆದ ಪತ್ರ ಅಚ್ಚಾಯಿತು. ಡೇಮಿಯನ್ನರು ಸತ್ತ ತಿಂಗಳೊಪ್ಪತ್ತಿನಲ್ಲಿಯೇ ಮೊಲೊಕೈಯನ್ನು ಕಂಡುಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ೧೮೯೦ರಲ್ಲಿ ಅದಕ್ಕೆ ಬಹಿರಂಗಪತ್ರದ ಮೂಲಕ ಕಟುವಾದ ಉತ್ತರವನ್ನಿತ್ತನು. ಊರಿನ ಕೊಳೆಯನ್ನು ತೊಳೆಯಲು ನೀರು ತಂದವನ ಮೈಮೇಲಿನ ಕೊಳೆಯನ್ನು ಎಣಿಸಿದುದು ವಿಪರ್ಯಾಸ.

ಆದರೂ ನ್ಯಾಯವಾಗಿ ನುಡಿಯಬೇಕಾದರೆ ಒಂದು ಮಾತುಂಟು. ಕೊಳವೆಗಳ ಹಣ ಸರ್ಕಾರದ್ದು. ಅವುಗಳನ್ನು ಹೊತ್ತ ಹೆಗಲುಗಳು ರೋಗಿಗಳವು. ಅವರನ್ನು ಬರಿಯ ಅನಾಥರ ಗುಂಪೆಂದು ಚಿತ್ರಿಸಿ, ಎಲ್ಲವನ್ನೂ ಒಬ್ಬ ಪಾದ್ರಿಯೇ ಮಾಡಿದನೆಂದರೆ ಆ ಹೆಗಲುಗಳಿಗೆ ಅನ್ಯಾಯವಾಗುತ್ತದೆ. ಡೇಮಿಯನ್ನರ ಹಿರಿಮೆಯಿರುವುದು ಬೇರೆಡೆ. ಹಣವುಳ್ಳವರು ದೂರದಲ್ಲಿದ್ದರು; ಹೆಗಲುಳ್ಳವರಿಗೆ ಕೊಳವೆಯಿರಲಿಲ್ಲ. ಇವರ ಕೊರತೆಯನ್ನು ಅವರಿಗೆ ಮುಟ್ಟಿಸಿ, ಬಂದ ಸಾಮಾನನ್ನು ಇವರೊಡನೆ ಹೊತ್ತವರು ಡೇಮಿಯನ್ನರು.

ಅವರು ಮೊಲೊಕೈಗೆ ಬಂದ ೧೮೭೩ರಲ್ಲಿಯೇ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು ಕುಷ್ಠದ ಸೂಕ್ಷ್ಮಾಣುವನ್ನು ಕಂಡುಹಿಡಿದನು. ೧೯೪೦ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದುವು; ೧೯೮೦ರ ದಶಕದಿಂದ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ರೋಗ ಸಂಪೂರ್ಣವಾಗಿ ಗುಣವಾಗುತ್ತದೆ. ಬಹುಪಾಲು ಜನರಿಗೆ ಈ ರೋಗ ಅಂಟುವುದೇ ಇಲ್ಲವೆಂದೂ ಈಗ ತಿಳಿದಿದೆ. ಹವಾಯಿಯಲ್ಲಿ ಬೇರ್ಪಡಿಸುವ ಕಾಯಿದೆ ನಿಂತದ್ದು ೧೯೬೯ರಲ್ಲಿ. ಅಷ್ಟು ಹೊತ್ತಿಗೆ ಸುಮಾರು ಎಂಟು ಸಾವಿರ ಮಂದಿಯನ್ನು ಆ ಬಂಡೆಯ ಬುಡಕ್ಕೆ ಕಳುಹಿಸಲಾಗಿತ್ತು. ೧೯೮೦ರಲ್ಲಿ ಆ ಸ್ಥಳವು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಯಿತು. ಡೇಮಿಯನ್ನರ ಅಸ್ಥಿಗಳನ್ನು ೧೯೩೬ರಲ್ಲಿ ಲೂವೆನ್ನಿಗೆ ಒಯ್ದರು. ೧೯೯೫ರಲ್ಲಿ ಬಲಗೈಯ ಅಸ್ಥಿಗಳು ಮೊಲೊಕೈಯ ಗೋರಿಗೆ ಮರಳಿದವು. ೨೦೦೯ರಲ್ಲಿ ರೋಮಿನ ಚರ್ಚು ಅವರನ್ನು ಸಂತರೆಂದು ಸಾರಿತು.

ಸಂತತ್ವದ ಮಾತು ಶ್ರದ್ಧಾವಂತರಿಗೆ ಸೇರಿದ್ದು. ಯಾವ ಮತದವನಾದರೂ ಒಪ್ಪಬಹುದಾದುದು ಆ ೧೮೭೩ರ ಬೇಸಗೆಯ ಕೆಲಸ. ಬೋಧಿಸಲು ಬಂದ ಗುರು, ಬೋಧನೆಯೊಡನೆಯೇ ಕೊಳವೆಗಾಗಿ ಅರ್ಜಿ ಬರೆದರು. ಮಳೆ ಎಲ್ಲಿ ಬೀಳುತ್ತದೆ, ನೆಲ ಎತ್ತ ಇಳಿಯುತ್ತದೆ, ನೀರನ್ನು ಯಾರು ಹೊರುತ್ತಾರೆ, ಹೊರಲಾರದವರು ಏನು ಮಾಡುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು ಅವರ ಮುಂದಿದ್ದವು. ರಜೆಯಲ್ಲಿ ತಮ್ಮ ತಮ್ಮ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಮಿತ್ರರು ಈ ನಾಲ್ಕನ್ನೂ ಅಲ್ಲಿ ಕೇಳಿನೋಡಬಹುದು. ಮೊದಲೆರಡಕ್ಕೆ ಭೂಗೋಳದ ಪುಸ್ತಕದಲ್ಲಿ ಉತ್ತರವಿದೆ. ಉಳಿದೆರಡಕ್ಕೆ ಬಾವಿಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.